ಕಟ್ಟೆಯ ಮೇಲೆ ನಿಂತವರು

ಕಾತ್ರಜ, ಪುಣೆ
3 ಜೂನ್ 2024

ವಿಶ್ವಾಂಗಣ ಸಂಸ್ಥೆಯ ಸಹಾಯ ವಿಭಾಗದವರಿಗೆ ನಮಸ್ಕಾರ.

ನಿಮ್ಮ ಸಂಸ್ಥೆಯ ಹೆಸರು ಸಂಸ್ಕೃತ, ಒಳಗಿನ ವ್ಯವಹಾರವೆಲ್ಲ ಇಂಗ್ಲಿಷ್. ಆದರೂ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ನಿಮ್ಮ ಭಾಷೆಯಲ್ಲಿ ನಿಮ್ಮ ಲೋಕ ಕಟ್ಟಿ' ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿದವರು ನೀವು. ಅದನ್ನು ನಂಬಿದವಳು ನಾನು.

ನನ್ನ ಹೆಸರು ಗೌರಾಬಾಯಿ. ನಾರಾಯಣ ಪೇಠೆಯ ಒಂದು ಹಳೆಯ ವಾಡೆಯಲ್ಲಿದ್ದ ಕನ್ನಡ ವಾಚನಾಲಯದಲ್ಲಿ ಮೂವತ್ತು ವರ್ಷ ಗ್ರಂಥಪಾಲಕಿಯಾಗಿದ್ದೆ. ಎರಡು ವರ್ಷದ ಹಿಂದೆ ಅದನ್ನು ನಡೆಸುತ್ತಿದ್ದ ನಮ್ಮ ಕನ್ನಡ ಸಂಘದವರು ವಾಡೆಯನ್ನು ಬಿಲ್ಡರನಿಗೆ ಕೊಟ್ಟರು. ಈಗ ಅಲ್ಲಿ ಲಿಫ್ಟು ಇದೆ, ಮುಂಜಿ-ಮದುವೆಗೆ ಬಾಡಿಗೆಗೆ ಕೊಡುವ ಹಾಲ್ ಇದೆ, ವಾಚನಾಲಯ ಇಲ್ಲ. ಪುಸ್ತಕಗಳು ತಳೇಗಾಂವದಲ್ಲಿ ಯಾರದೋ ಕಾರ್ಖಾನೆಯ ಶೆಡ್ಡಿನಲ್ಲಿ ಗೋಣಿಚೀಲದೊಳಗೆ ಇವೆ.

ಆ ವಾಚನಾಲಯವನ್ನು ನಾನು ನಿಮ್ಮ ವಿಶ್ವಾಂಗಣದಲ್ಲಿ ಮತ್ತೆ ಕಟ್ಟಿದ್ದೇನೆ. ಕಂಪ್ಯೂಟರಿನೊಳಗೆ ಮನೆ, ಅಂಗಡಿ, ತೋಟ ಕಟ್ಟಬಹುದು, ಬೇರೆಯವರು ಗೊಂಬೆಯ ರೂಪದಲ್ಲಿ ಬಂದು ಓಡಾಡಬಹುದು ಎಂದು ಮೊದಲು ನನಗೆ ತೋರಿಸಿದವನು ಸುಹಾಸ. ನೀವು 'ಮಾರ್ಗದರ್ಶಿ' ಎಂದು ಬಿರುದು ಕೊಟ್ಟು, ಪುಕ್ಕಟೆ ದುಡಿಸಿಕೊಂಡ ತರುಣರಲ್ಲಿ ಒಬ್ಬ. ಭಾನುವಾರ ಕನ್ನಡದಲ್ಲಿ ಪಾಠ ಹೇಳುತ್ತಿದ್ದ. ಹೋದ ವರ್ಷ ಯುಗಾದಿಯ ಹೊತ್ತಿಗೆ ನೀವು ಮಾರ್ಗದರ್ಶಿಗಳೇ ಬೇಡ ಎಂದಿರಿ. ಪಾಠ ನಿಂತಿತು. ಬಾಗಿಲು, ಕಿಟಕಿ ಇಡುವುದನ್ನು ಮಾತ್ರ ಕಲಿತಿದ್ದೆ, ಉಳಿದದ್ದನ್ನು ತಡಕಾಡಿ ಮಾಡಿದೆ.

ಈಗ ನಿಮ್ಮ ನೋಟೀಸು ಬಂದಿದೆ. ಈ ವರ್ಷದಲ್ಲಿ ಯಾರೂ ಒಳಗೆ ಬರದ ಜಾಗಗಳನ್ನು ಡಿಸೆಂಬರ್ ಕೊನೆಗೆ ಅಳಿಸಿಹಾಕುತ್ತೀರಂತೆ. ನನ್ನ ವಾಚನಾಲಯದ ಮುಂದೆ ಸೊನ್ನೆ ತೋರಿಸುತ್ತಿದೆ. ದಿನಾ ಸಂಜೆ ನಾಲ್ಕರಿಂದ ಆರರವರೆಗೆ ನನ್ನ ಗೊಂಬೆಯನ್ನು ಮೇಜಿನ ಹಿಂದೆ ಕೂರಿಸಿಕೊಂಡು ಕಾಯುತ್ತೇನೆ. ಜನ ಬರುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಹೊರಗಿನ ಕಟ್ಟೆಯ ಮೇಲೆ ನಿಲ್ಲುತ್ತಾರೆ, ಅತ್ತಿತ್ತ ಸರಿಯುತ್ತಾರೆ, ಹೊರಟುಹೋಗುತ್ತಾರೆ. ಒಬ್ಬರೂ ಒಳಗೆ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಅವರು ಯಾಕೆ ತಿರುಗಿ ಹೋಗುತ್ತಾರೆ? ತಪ್ಪು ಕಟ್ಟಡದ್ದೋ, ಒಳಗೆ ಕೂತವಳದ್ದೋ?

ನಿಮ್ಮ ಕಲಿಕೆಯ ವಿಡಿಯೋಗಳನ್ನು ನೋಡಿದೆ. ನಾನು ಇಂಗ್ಲಿಷ್ ಓದಬಲ್ಲೆ, ಓಡುವ ಮಾತನ್ನು ಹಿಡಿಯಲಾರೆ. ಅದರಲ್ಲಿ ಒಬ್ಬ ಮೊದಲ ವಾಕ್ಯದಲ್ಲೇ 'ಇದೆಲ್ಲ ನಿಮಗೆ ಗೊತ್ತೇ ಇದೆ' ಎನ್ನುತ್ತಾನೆ. ಗೊತ್ತಿದ್ದರೆ ಅವನ ಮುಖ ನಾನೇಕೆ ನೋಡಲಿ?

ಉತ್ತರದ ನಿರೀಕ್ಷೆಯಲ್ಲಿ,
ಗೌರಾಬಾಯಿ


3 ಜೂನ್ 2024

ಆತ್ಮೀಯ ಸೃಷ್ಟಿಕರ್ತ,

ತಲುಪಿದ್ದಕ್ಕೆ ಧನ್ಯವಾದಗಳು! ನಿಮ್ಮ ಅನುಭವವು ನಮಗೆ ವಿಷಯವಾಗುತ್ತದೆ. ಹೆಚ್ಚು ಸಂದರ್ಶಕರನ್ನು ಆನಂದಿಸಲು ನಿಮ್ಮ ಜಾಗವನ್ನು ಸಂಗೀತ ಮತ್ತು ಪಟಾಕಿಗಳೊಂದಿಗೆ ರೋಮಾಂಚಕವಾಗಿ ಮಾಡಲು ಪ್ರಯತ್ನಿಸಿ. ಈ ಉತ್ತರವು ಸಹಾಯಕಾರಿಯಾಗಿತ್ತೇ? ಹೌದು ಅಥವಾ ಇಲ್ಲ ಒತ್ತಿರಿ.

ಪ್ರೀತಿಯೊಂದಿಗೆ,
ನಿಮ್ಮ ಸಂತೋಷದ ತಂಡ


ಕಾತ್ರಜ, ಪುಣೆ
5 ಜೂನ್ 2024

ಸಂತೋಷದ ತಂಡದವರಿಗೆ,

'ಇಲ್ಲ' ಒತ್ತಿದ್ದೇನೆ. ಒತ್ತಿದ ಮೇಲೆ ಅದೇ ಉತ್ತರ ಇನ್ನೊಮ್ಮೆ ಬಂತು.

ವಾಚನಾಲಯದಲ್ಲಿ ಪಟಾಕಿ ಹಾರಿಸಲು ಹೇಳಿದವರು ಮನುಷ್ಯರಲ್ಲ ಎಂದು ತಿಳಿದಿದ್ದೇನೆ. ಆದರೆ ಆ ಯಂತ್ರವನ್ನು ನನ್ನೆದುರು ಕೂರಿಸಿ ಎದ್ದು ಹೋದವರು ಮನುಷ್ಯರೇ. ಅವರಿಗೆ ಈ ಪತ್ರ.

ನಮ್ಮ ಅವ್ವ ಹೊಲಿಗೆ ಯಂತ್ರ ಕೊಂಡಾಗ ಅದರ ಜೊತೆಗೆ ಒಂದು ಪುಸ್ತಿಕೆ ಬಂದಿತ್ತು. ಕನ್ನಡದಲ್ಲಿ. ದಾರ ಯಾವ ಕಿಂಡಿಯಿಂದ ಯಾವ ಕಿಂಡಿಗೆ ಹೋಗಬೇಕು ಎಂದು ಬಾಣದ ಗುರುತು ಹಾಕಿ ತೋರಿಸಿದ್ದರು. ಅಷ್ಟು ಸಾಲದೆಂದು ಕಂಪನಿಯಿಂದ ಒಬ್ಬ ಹೆಂಗಸು ಮನೆಗೆ ಬಂದು, ಅವ್ವನ ಪಕ್ಕದಲ್ಲಿ ಕೂತು, ಒಂದು ರವಿಕೆ ಹೊಲಿಸಿಯೇ ಎದ್ದುಹೋದಳು. ಪ್ರೆಶರ್ ಕುಕ್ಕರ್ ಹೊಸದಾಗಿ ಬಂದಾಗ ಹೆಂಗಸರು ಹೆದರುತ್ತಾರೆಂದು ಪುಣೆಯ ಸಭಾಗೃಹಗಳಲ್ಲಿ ಅನ್ನ ಬೇಯಿಸಿ ತೋರಿಸುತ್ತಿದ್ದರು. ನಾನು ಹೋಗಿ ಉಂಡು ಬಂದಿದ್ದೇನೆ. ಆ ಕಂಪನಿಗಳೇನೂ ಧರ್ಮಛತ್ರಗಳಲ್ಲ, ಲಾಭಕ್ಕೆ ಕೂತವರೇ. ಆದರೆ ಒಂದು ಸಾಮಾನನ್ನು ಮಾರಿದರೆ ಅದನ್ನು ಕಲಿಸುವ ಹೊಣೆಯೂ ತಮ್ಮದು ಎಂದು ಅವರಿಗೆ ತಿಳಿದಿತ್ತು.

ನೀವು ಅದಕ್ಕಿಂತ ಎಷ್ಟೋ ದೊಡ್ಡದನ್ನು ಕೈಗಿಟ್ಟಿದ್ದೀರಿ. ಲೋಕವನ್ನೇ ಕಟ್ಟು ಎಂದಿರಿ. ಬಾಣದ ಗುರುತು ಮಾತ್ರ ಹಾಕಲಿಲ್ಲ.

ಮನುಷ್ಯರು ಯಾರಾದರೂ ಅಲ್ಲಿದ್ದರೆ ಉತ್ತರಿಸಿ.

ಗೌರಾಬಾಯಿ


ವಿಶ್ವಾಂಗಣ ಸಹಾಯ ವಿಭಾಗ, ಪುಣೆ
24 ಜೂನ್ 2024

ಗೌರಾಬಾಯಿಯವರಿಗೆ ನಮಸ್ಕಾರಗಳು.

ಇದ್ದೇನೆ. ನನ್ನ ಹೆಸರು ದೀಕ್ಷಿತಾ, ಉಡುಪಿ ಕಡೆಯವಳು. ಈ ವಿಭಾಗದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನಿಮ್ಮ ಪತ್ರ ಯಾರ ಪಾಲಿಗೂ ಹೋಗದೆ ಬಹಳ ದಿನ ಸುತ್ತಾಡಿ, ಕೊನೆಗೆ 'ಇದು ಯಾವ ಲಿಪಿ' ಎಂಬ ಟಿಪ್ಪಣಿಯೊಂದಿಗೆ ನನ್ನ ಮೇಜಿಗೆ ಬಂತು.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಇಲ್ಲಿ ಒಂದು ಪ್ರಶ್ನೆಯನ್ನು ಎಷ್ಟು ಬೇಗ ಮುಚ್ಚಿದೆವು ಎಂಬುದೇ ನಮ್ಮ ಕೆಲಸದ ಅಳತೆ. ಬಗೆಹರಿಯಿತೇ ಎಂದು ಯಾರೂ ಕೇಳುವುದಿಲ್ಲ. ಪ್ರಶ್ನೆ ಬಗೆಹರಿದವರು ಮತ್ತೆ ಬರೆಯುವುದೂ ಇಲ್ಲ. ಹಾಗಾಗಿ ನಾವು ಕೆಲಸ ಸರಿಯಾಗಿ ಮಾಡಿದಷ್ಟೂ ನಮಗೆ ಮೌನವೇ ಸಿಗುತ್ತದೆ. ಇದನ್ನು ನಾನು ನಿಮಗೆ ಬರೆಯಬಾರದು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಪತ್ರ ಇದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿಲ್ಲ.

ಸೃಷ್ಟಿಕರ್ತರು ಲಿಖಿತ ಅನುಮತಿ ಕೊಟ್ಟರೆ ಮಾತ್ರ ನಾವು ಅವರ ಜಾಗಕ್ಕೆ ಹೋಗಿ ನೋಡಬಹುದು. ಕೊಡುವಿರಾ ಮೇಡಂ? ಹಾಗೆಯೇ, ಕಟ್ಟೆಯವರೆಗೆ ಬಂದವರಲ್ಲಿ ನಿಮಗೆ ಪರಿಚಯದವರು ಇದ್ದರೆ, ಅವರನ್ನೇ ಕೇಳಿ ನೋಡಬಹುದಲ್ಲ?

ವಿಶ್ವಾಸದಿಂದ,
ದೀಕ್ಷಿತಾ


ಕಾತ್ರಜ, ಪುಣೆ
14 ಜುಲೈ 2024

ಚಿ. ದೀಕ್ಷಿತಾಗೆ ಆಶೀರ್ವಾದಗಳು.

ಅನುಮತಿ ಕೊಟ್ಟಿದ್ದೇನೆ. ಇನ್ನು ಮೇಡಂ ಎನ್ನಬೇಡ, ಮಾವಶಿ ಎನ್ನು, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಈ ಊರಿನಲ್ಲಿ ಪಾತ್ರೆ ತೊಳೆಯುವವಳನ್ನೂ ಹಾಗೇ ಕರೆಯುತ್ತಾರೆ, ನನಗೆ ಅಡ್ಡಿಯಿಲ್ಲ.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಬಂದವರಲ್ಲಿ ಹೆಚ್ಚಿನವರು ಅಪರಿಚಿತರು. ಒಬ್ಬಳು ಮಾತ್ರ ಗೊತ್ತಿದ್ದವಳು. ಸಾಸಿವೆ ಬಣ್ಣದ ಸೀರೆಯ ಗೊಂಬೆ, ತಲೆಯ ಮೇಲೆ ತೇಲುವ ಹೆಸರು ಪ್ರೇಮಾವತಿ. ಮಾರ್ಚಿನಲ್ಲಿ ಮೂರು ಸಲ ಬಂದಳು, ಮೂರು ಸಲವೂ ಹಿಂದಿರುಗಿದಳು. ನಾನು ಮೇಜಿನ ಹಿಂದೆ ಕೂತು ಕಿಟಕಿಯಿಂದ ನೋಡುತ್ತಿದ್ದೆ.

ಅವಳ ಗಂಡ ಸುಬ್ಬಯ್ಯನವರು ನಮ್ಮ ಸಂಘದ ಅಧ್ಯಕ್ಷರಾಗಿದ್ದರು. ನಿಮ್ಮ ಕಡೆಯವರೇ, ಉಡುಪಿ ಹೋಟೆಲಿನವರು. ವಾಡೆಯನ್ನು ಬಿಲ್ಡರನಿಗೆ ಕೊಡುವ ಸಭೆಯಲ್ಲಿ ಅವರು ಎದ್ದು ನಿಂತು, "ಈಗ ಯಾರು ಕೂತು ಓದ್ತಾರೆ ಮಾರಾಯ್ರೆ? ಎಲ್ಲ ಮೊಬೈಲಲ್ಲೇ ಉಂಟಲ್ಲ" ಎಂದರು.

"ಮೊಬೈಲ್‌ದಾಗ ಎಲ್ಲಾ ಅದ ಅಂದ್ರ ನೀವ್ಯಾಕ ಹೋಟೆಲ್ ನಡಸ್ತೀರಿ?" ಎಂದೆ ನಾನು. "ಮಂದಿ ಮೊಬೈಲ್‌ದಾಗ ದ್ವಾಸಿ ತಿನ್ಲಿ ಬಿಡ್ರಿ!"

ಸಭೆಯೆಲ್ಲ ನಕ್ಕಿತು. ಸುಬ್ಬಯ್ಯನವರೂ ನಕ್ಕರು. ನಕ್ಕು ಮುಗಿದ ಮೇಲೆ ಕೈ ಎತ್ತಲು ಹೇಳಿದರು. ಬೇಡವೆಂದು ಎತ್ತಿದ್ದು ನನ್ನದೊಂದೇ ಕೈ. ಪ್ರೇಮಾ ನನ್ನ ಪಕ್ಕದಲ್ಲೇ ಕೂತಿದ್ದಳು. ಬೇಕು ಎಂದಾಗಲೂ ಬೇಡ ಎಂದಾಗಲೂ ಅವಳ ಕೈ ಮಡಿಲಲ್ಲೇ ಇತ್ತು. ಇಪ್ಪತ್ತು ವರ್ಷ ದಿನಾ ಮಧ್ಯಾಹ್ನ ಬಂದು, ಪುಸ್ತಕಕ್ಕೆ ಬೈಂಡು ಹಾಕಲು ನನ್ನ ಜೊತೆ ಅಂಟು ಕಲಸಿದ ಕೈ ಅದು.

ಹೊರಗೆ ಬಂದು, "ನಿನಗ ಕೈ ಇದ್ದಿದ್ದಿಲ್ಲೇನು?" ಎಂದು ಕೇಳಿದೆ. ಅವಳು ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು, ತಲೆ ಎತ್ತಲಿಲ್ಲ. ಆಮೇಲೆ ನಾವು ಮಾತಾಡಿಲ್ಲ. ನಾನು ಸಂಘ ಬಿಟ್ಟೆ, ಮುಂದೆ ಒಂದು ದಿನ ಅವರ ವಾಟ್ಸಾಪ್ ಗುಂಪನ್ನೂ ಬಿಟ್ಟೆ. ಬಿಡುವ ಮೊದಲು ಈ ಹೊಸ ವಾಚನಾಲಯದ ವಿಳಾಸವನ್ನು ಅಲ್ಲಿ ಹಾಕಿದ್ದೆ.

ಅವಳೊಬ್ಬಳು ಒಳಗೆ ಬಂದಿದ್ದರೆ ನಿಮ್ಮ ಸೊನ್ನೆಯೂ ಅಳಿಸುತ್ತಿತ್ತು. ಸೊನ್ನೆಯ ಚಿಂತೆ ನನಗೆ ಅಷ್ಟಿಲ್ಲ. ಕಟ್ಟಡವನ್ನು ಒಮ್ಮೆ ಕೆಡವಿದ್ದನ್ನು ನೋಡಿದವಳಿಗೆ ಎರಡನೆಯ ಸಲ ಹೊಸದೇನೂ ಅಲ್ಲ. ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ ತಿರುಗಿ ಹೋಗುವಷ್ಟು ಏನಿದೆ ಎಂದು ತಿಳಿಯಬೇಕು. ನಾನು ಎದ್ದು ಹೋಗಿ ಕರೆಯಲಿಲ್ಲ, ನಿಜ. ವಾಚನಾಲಯಕ್ಕೆ ಬರುವವರನ್ನು ಕೈಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಇಲ್ಲಿ ಹೆದ್ದಾರಿಯ ಪಕ್ಕದಲ್ಲೇ ನನ್ನ ಮನೆ. ಸಂಜೆಯಾದರೆ ಕಂಡಕ್ಟರುಗಳು "ಹುಬ್ಬಳ್ಳೀ, ಹುಬ್ಬಳ್ಳೀ" ಎಂದು ಕೂಗುತ್ತಾರೆ. ಕೆಲವು ದಿನ ಅದೊಂದೇ ಕನ್ನಡ ನನ್ನ ಕಿವಿಗೆ ಬೀಳುವುದು.

ಗೌರಾ ಮಾವಶಿ


ವಿಶ್ವಾಂಗಣ ಸಹಾಯ ವಿಭಾಗ, ಪುಣೆ
2 ಆಗಸ್ಟ್ 2024

ಪ್ರೀತಿಯ ಮಾವಶಿಗೆ ನಮಸ್ಕಾರಗಳು.

ನಿನ್ನೆ ಸಂಜೆ ನಿಮ್ಮ ವಾಚನಾಲಯಕ್ಕೆ ಬಂದಿದ್ದೆ. ನೀಲಿ ಕುರ್ತಾದ ಗೊಂಬೆ ನಾನೇ. ನೀವು ಕೂತಿದ್ದಿರಿ. ನಾನೂ ಕಟ್ಟೆಯ ಮೇಲೆ ನಿಂತೆ, ಅತ್ತಿತ್ತ ಸರಿದೆ, ಹಿಂದಿರುಗಿದೆ. ನನ್ನನ್ನೂ ನೀವು ಆ ಸಾಲಿಗೆ ಸೇರಿಸಿರುತ್ತೀರಿ.

ಮಾವಶಿ, ಒಳಗೆ ಬರಲು ಯಾರಿಗೂ ಸಾಧ್ಯವೇ ಇಲ್ಲ.

ನೀವು ಇಟ್ಟಿರುವ ಹೊಸ್ತಿಲು ಹಳೆಯ ವಾಡೆಯದ್ದರಷ್ಟೇ ಎತ್ತರ ಇರಬೇಕು. ಅರಿಸಿನ ಹಚ್ಚಿ, ಮುಂದೆ ರಂಗೋಲಿಯನ್ನೂ ಎಳೆದಿದ್ದೀರಿ. ತುಂಬ ಚೆನ್ನಾಗಿದೆ. ಆದರೆ ವಿಶ್ವಾಂಗಣದ ಗೊಂಬೆಗೆ ಕಾಲೆತ್ತಿ ದಾಟಲು ಬರುವುದಿಲ್ಲ. ಒಂದು ಗೇಣು ಎತ್ತರದ ಮರವೂ ಅದಕ್ಕೆ ಗೋಡೆ. ಈ ಲೋಕವನ್ನು ಮಾಡಿದವರ ಮನೆಗಳಲ್ಲಿ ಹೊಸ್ತಿಲು ಇರಲಿಲ್ಲವೋ ಏನೋ. ನಿಮಗೆ ಇದು ಗೊತ್ತಾಗದಿರಲು ಕಾರಣ, ಬಂದವರ ಗೊಂಬೆ ಕಟ್ಟೆಯ ಮೇಲೆ ಕಾಣಿಸಿಕೊಂಡರೆ, ಜಾಗದ ಒಡೆಯರ ಗೊಂಬೆ ನೇರವಾಗಿ ಒಳಗೇ ಕಾಣಿಸಿಕೊಳ್ಳುತ್ತದೆ. ನೀವು ಒಂದು ದಿನವೂ ಬಾಗಿಲಿನಿಂದ ಒಳಗೆ ಬಂದವರಲ್ಲ.

ಇನ್ನೊಂದು ವಿಷಯ. ವಾಚನಾಲಯವೆಂದು ನೀವು ಇಡೀ ಜಾಗಕ್ಕೆ 'ಮೌನ' ಹಾಕಿದ್ದೀರಿ. ಅದು ಕಟ್ಟೆಗೂ ಅನ್ವಯಿಸುತ್ತದೆ. ಅಲ್ಲಿ ನಿಂತವರ ದನಿ ನಿಮಗೆ ಕೇಳಿಸುವುದಿಲ್ಲ, ಅವರು ಟೈಪು ಮಾಡಿದ್ದೂ ಬರುವುದಿಲ್ಲ, ಕೈಸನ್ನೆಯೂ ಕಾಣುವುದಿಲ್ಲ. 'ಒಳಗೆ ಬರಲು ಆಗುತ್ತಿಲ್ಲ' ಎಂದು ನಾನು ಹೇಳಿದೆ, ಬರೆದೆ, ಕೊನೆಗೆ ಕಿಟಕಿಯ ಎದುರು ನಿಂತು ಕೈ ಬೀಸಿದೆ. ನೀವು ಎದುರಿಗೆ ನೋಡುತ್ತಿದ್ದಿರಿ.

ಇದಕ್ಕೆ ಸುಲಭದ ಉಪಾಯವಿದೆ. ಹೊಸ್ತಿಲನ್ನು ತೆಗೆಯಬೇಕಾಗಿಲ್ಲ. ಅದರ ಗುಣಗಳ ಪಟ್ಟಿಯಲ್ಲಿ 'ಘನ' ಎಂಬುದರ ಮುಂದಿನ ಗುರುತನ್ನು ಅಳಿಸಿ. ಕಣ್ಣಿಗೆ ಮರ, ಕಾಲಿಗೆ ಗಾಳಿ. ಮೌನವನ್ನು ಓದುಮೇಜಿನ ಸುತ್ತ ಮಾತ್ರ ಉಳಿಸಿಕೊಳ್ಳಿ.

ಇದೆಲ್ಲ ಎಲ್ಲಿ ಬರೆದಿದೆ ಎಂದು ಹುಡುಕಿದೆ. ಹಳೆಯ ಇಂಗ್ಲಿಷ್ ಚರ್ಚೆಯೊಂದರ ನಡುವೆ ಯಾರೋ ಒಂದು ಸಾಲು ಬರೆದಿದ್ದಾರೆ. ನಮ್ಮ ಸಹಾಯ ಪುಟದಲ್ಲಿ ಇಲ್ಲ. ನನಗೆ ನಾಚಿಕೆಯಾಯಿತು.

ನಿಮ್ಮ,
ದೀಕ್ಷಿತಾ


ಕಾತ್ರಜ, ಪುಣೆ
20 ಸೆಪ್ಟೆಂಬರ್ 2024

ಪ್ರೀತಿಯ ದೀಕ್ಷಿತಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಓದಿ ಕಂಪ್ಯೂಟರ್ ಮುಚ್ಚಿದವಳು ಗಣಪತಿ ಕಳಿಸುವವರೆಗೂ ತೆರೆಯಲಿಲ್ಲ. ಹೊರಗೆ ಡೋಲು-ತಾಶೆ. ಆ ಗದ್ದಲದಲ್ಲಿ ಏನೂ ಯೋಚಿಸದೆ ಇರಬಹುದಿತ್ತು.

ಸುಹಾಸನ ಪಾಠ ಇನ್ನು ನಾಲ್ಕು ಭಾನುವಾರ ನಡೆದಿದ್ದರೆ ಅವನು ಇದನ್ನು ಹೇಳುತ್ತಿದ್ದ. ನಿಮ್ಮ ಸಂಸ್ಥೆ ಅವನನ್ನು ತೆಗೆದುಹಾಕಿ ಎಷ್ಟು ಉಳಿಸಿತೋ ನಾನರಿಯೆ. ನನ್ನದು ಎಷ್ಟು ಹೋಯಿತು ಎಂಬುದು ನನಗೆ ಗೊತ್ತು. ಅವಳು ಮೂರು ಸಲ ಬಂದಿದ್ದಳು, ದೀಕ್ಷಿತಾ. ಏನೋ ಹೇಳಿರುತ್ತಾಳೆ. ನಾನು ಎದುರಿಗೆ ನೋಡುತ್ತಾ ಕೂತಿದ್ದೆ.

ನೀನು ಹೇಳಿದಂತೆ ಮಾಡಿದೆ. ಗುರುತು ಅಳಿಸುವಾಗ ಕೈ ಹಿಂಜರಿಯಿತು. ಹೊಸ್ತಿಲು ಎಂದರೆ ಬರುವವರು ಒಂದು ಕ್ಷಣ ನಿಂತು, ಕೆಳಗೆ ನೋಡಿ, ಕಾಲೆತ್ತಬೇಕು. ಗಾಳಿಯ ಹೊಸ್ತಿಲನ್ನು ಯಾರು ನೋಡುತ್ತಾರೆ? ಆದರೂ ಮಾಡಿದೆ.

ಆಮೇಲೆ 'ಬಾಗಿಲು ಇಡುವವರಿಗೆ' ಎಂದು ಕನ್ನಡದಲ್ಲಿ ಒಂದು ಪಾಠ ಬರೆದೆ. ಹೊಸ್ತಿಲು, ಮೆಟ್ಟಿಲು, ಮೌನ, ಒಡೆಯರು ತಮ್ಮ ಮನೆಗೆ ತಾವೇ ಹೊರಗಿನವರಂತೆ ಬಂದು ನೋಡುವ ಬಗೆ, ಎಲ್ಲವನ್ನೂ ಚಿತ್ರ ಹಾಕಿ ವಿವರಿಸಿದ್ದೇನೆ. ಬಾಣದ ಗುರುತುಗಳನ್ನೂ ಹಾಕಿದ್ದೇನೆ. ಇದರೊಂದಿಗೆ ಲಗತ್ತಿಸಿದೆ. ನಿಮ್ಮ ಸಹಾಯ ಪುಟದಲ್ಲಿ ಸೇರಿಸಲು ಮೇಲಿನವರಿಗೆ ಹೇಳು. ಹಣ ಬೇಡ, ಹೆಸರೂ ಬೇಡ. ನಮ್ಮ ಜನರಲ್ಲಿ ಇನ್ನೆಷ್ಟು ಮಂದಿ ಹೊಸ್ತಿಲು ಕಟ್ಟಿ ಒಳಗೆ ಒಬ್ಬರೇ ಕೂತಿದ್ದಾರೋ!

ಪ್ರೇಮಾವತಿಗೆ ಅಂಚೆಯಲ್ಲಿ ಕಾಗದ ಹಾಕಿದ್ದೇನೆ, ಹೋಟೆಲಿನ ವಿಳಾಸಕ್ಕೆ. ಅವಳ ಮನೆ ಈಗ ಎಲ್ಲಿದೆಯೋ ತಿಳಿಯದು, ಹೋಟೆಲಿಗೆ ಹೋಗಿ ಕೇಳಲು ಕಾಲು ಬರುವುದಿಲ್ಲ. ನಿನ್ನ ವಿವರಣೆಯನ್ನೇ ಬರೆದೆ: ನೀನು ಬಂದಾಗ ಬಾಗಿಲು ತಡೆದಿತ್ತು, ದನಿ ಕೇಳಿಸಲಿಲ್ಲ, ಈಗ ಸರಿಹೋಗಿದೆ, ಬಾ.

ಗೌರಾ ಮಾವಶಿ


ವಿಶ್ವಾಂಗಣ ಸಹಾಯ ವಿಭಾಗ, ಪುಣೆ
25 ಅಕ್ಟೋಬರ್ 2024

ಪ್ರೀತಿಯ ಮಾವಶಿ,

ನಿಮ್ಮ ಪಾಠವನ್ನು ಮೇಲಿನವರಿಗೆ ಕಳಿಸಿದ್ದೆ. ಸಭೆಯಲ್ಲೂ ಮಾತಾಡಿದೆ. ಕನ್ನಡ 'ಆದ್ಯತೆಯ ಭಾಷೆ'ಗಳ ಪಟ್ಟಿಯಲ್ಲಿಲ್ಲ, ಕನ್ನಡದಲ್ಲಿ ಪ್ರಶ್ನೆ ಕೇಳುವವರು ಕಡಿಮೆ ಎಂದರು. ಕೇಳಿದವರಿಗೆ ಪಟಾಕಿ ಹಚ್ಚಲು ಹೇಳಿದರೆ ಎರಡನೆಯ ಸಲ ಯಾರು ಕೇಳುತ್ತಾರೆ ಎಂದೆ. ಯಾರೂ ನಗಲಿಲ್ಲ. ನಿಮ್ಮ ದ್ವಾಸಿಯಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ನಾನು ನಿಮಗೆ ಹೇಳಬೇಕಾದದ್ದು ಬೇರೆ. ಈ ತಿಂಗಳ ಕೊನೆಗೆ ನಮ್ಮ ವಿಭಾಗವನ್ನೇ ಮುಚ್ಚುತ್ತಿದ್ದಾರೆ. ಇನ್ನು ಎಲ್ಲ ಪ್ರಶ್ನೆಗಳಿಗೂ ಯಂತ್ರವೇ ಉತ್ತರಿಸುತ್ತದೆ. ನಮ್ಮ ಹಳೆಯ ಉತ್ತರಗಳನ್ನೆಲ್ಲ ಅದಕ್ಕೆ ಓದಿಸಿದ್ದಾರಂತೆ. ನಿಮಗೆ ಬರೆದ ಪತ್ರಗಳನ್ನು ಓದಿಸಿದರೋ ಇಲ್ಲವೋ ತಿಳಿಯದು. ಓದಿಸದಿದ್ದರೆ ಒಳ್ಳೆಯದು ಎನ್ನಿಸುತ್ತದೆ.

ಆ ಪಾಠವನ್ನು ನಿಮ್ಮ ವಾಚನಾಲಯದ ಮೇಜಿನ ಮೇಲೆ ಇಡಿ. ಅದಕ್ಕೆ ಯಾರ ಅನುಮತಿಯೂ ಬೇಡ. ಕನ್ನಡದಲ್ಲಿ ಲೋಕ ಕಟ್ಟುವವರ ಕೆಲವು ಗುಂಪುಗಳಿಗೆ ನಾನು ವಿಳಾಸ ಕಳಿಸಿದ್ದೇನೆ.

ಆಮೇಲೆ ಸದ್ಯಕ್ಕೆ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಹೋಟೆಲ್ ಶ್ರೀದುರ್ಗಾ, ತಳೇಗಾಂವ ದಾಭಾಡೆ ಎಂದು ಬರೆದರೆ ಅಂಚೆ ಬರುತ್ತದೆ. ಕಾರ್ಖಾನೆಯ ಪಾಳಿ ಬಿಟ್ಟ ಜನ ಒಟ್ಟಿಗೆ ನುಗ್ಗುತ್ತಾರೆ, ಉಂಡು ಹೋಗುತ್ತಾರೆ. ಅವರಲ್ಲಿ ಯಾರಿಗೂ ನನ್ನ ಹೆಸರು ಬೇಕಾಗಿಲ್ಲ. ಅಭ್ಯಾಸ ಇದೆ.

ನಿಮ್ಮ,
ದೀಕ್ಷಿತಾ


ಸಾಸವಡ
6 ಡಿಸೆಂಬರ್ 2024

ಗೌರಕ್ಕನಿಗೆ ಪ್ರೇಮಾವತಿಯ ನಮಸ್ಕಾರ.

ನಿಮ್ಮ ಕಾಗದ ಹೋಟೆಲಿನಲ್ಲೇ ಬಹಳ ದಿನ ಬಿದ್ದಿತ್ತು. ಈಗ ಹೋಟೆಲನ್ನು ಅವರ ಅಣ್ಣನ ಮಗ ನೋಡಿಕೊಳ್ಳುತ್ತಾನೆ. ಕಳೆದ ವಾರ ಬಂದವನು ತಂದುಕೊಟ್ಟ.

ನಿಮ್ಮ ಕಾಗದ ನೋಡಿದರೆ ನಿಮಗೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. ನೀವು ಗುಂಪು ಬಿಟ್ಟವರು, ಸಂಘದವರಿಗೂ ನಿಮಗೆ ಹೇಳಬೇಕೆಂದು ತೋಚಿರಲಿಕ್ಕಿಲ್ಲ. ಅವರು ಏಪ್ರಿಲಿನಲ್ಲಿ ತೀರಿಕೊಂಡರು. ಮಾರ್ಚ್ ಪೂರ್ತಿ ಆಸ್ಪತ್ರೆ. ಹೊರಗಿನ ಬೆಂಚಿನಲ್ಲಿ ಕೂತರೆ ಸುತ್ತ ಎಲ್ಲರೂ ಮಾತಾಡುವವರೇ. ಮಾತಿಲ್ಲದೆ ಯಾರ ಪಕ್ಕದಲ್ಲಾದರೂ ಸ್ವಲ್ಪ ಹೊತ್ತು ಕೂರಬೇಕು ಎನಿಸುತ್ತಿತ್ತು. ಮೊದಲಾದರೆ ನಾರಾಯಣ ಪೇಠೆಗೆ ಬರುತ್ತಿದ್ದೆ. ಅದನ್ನು ಕೆಡವಿದವರೂ ನಾವೇ ಅಲ್ಲವೇ.

ಮಗಳು ಚಿತ್ರಾ ನಿಮ್ಮ ಹೊಸ ವಾಚನಾಲಯವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆಗೆದುಕೊಟ್ಟಳು. ಬಂದೆ. ನೀವು ಕೂತಿದ್ದಿರಿ, ಏಳಲಿಲ್ಲ. 'ಇವರು ಹೋಗುವ ಹಾಗಿದ್ದಾರೆ ಗೌರಕ್ಕ' ಎಂದು ಬರೆದೆ. ನೀವು ಅಲುಗಲಿಲ್ಲ. ನನಗೆ ಆ ಶಿಕ್ಷೆ ಸರಿಯಾದದ್ದೇ ಎಂದುಕೊಂಡೆ.

ಹೊಸ್ತಿಲಿನ ವಿಷಯ ಈಗ ತಿಳಿಯಿತು. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ನಾನು ಅಲ್ಲಿಗೆ ಬರುವುದಿಲ್ಲ. ಯಾಕೆಂದು ಕೇಳಬೇಡಿ. ಆಗ ಬೇಕಿತ್ತು, ಈಗ ಬೇಡ.

ಆರೋಗ್ಯ ನೋಡಿಕೊಳ್ಳಿ.
ಪ್ರೇಮಾ


ಕಾತ್ರಜ, ಪುಣೆ
9 ಜನವರಿ 2025

ಪ್ರೀತಿಯ ದೀಕ್ಷಿತಾ,

ಈ ಕಾಗದವನ್ನು ಕೈಯಲ್ಲೇ ಬರೆದು ಹೋಟೆಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಯಂತ್ರ ಓದದಿರಲಿ.

ವಾಚನಾಲಯ ಉಳಿಯಿತು. ನೀನು ವಿಳಾಸ ಕಳಿಸಿದ ಮೇಲೆ ಜನ ಬಂದರು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಯಾರೋ ಗದಗಿನ ಕಡೆಯವನು ಒಳಗೆ ಬಂದು, ಮೇಜಿನ ಮೇಲಿನ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಲೆ ಆಡಿಸಿ ಹೋದ. ಆಮೇಲೆ ದಿನಾ ಯಾರಾದರೂ ಒಬ್ಬಿಬ್ಬರು. ಓದುತ್ತಾರೆ, ಹೋಗುತ್ತಾರೆ. ಸೊನ್ನೆ ಅಳಿಸಿ ಹೋಯಿತು. ಮೊದಲ ದಿನ ಆ ಅಂಕಿಯನ್ನು ನೋಡಿದೆ, ಆಮೇಲೆ ನೋಡಿಲ್ಲ.

ಪ್ರೇಮಾವತಿಯಿಂದ ಕಾಗದ ಬಂತು. ಅವಳು ಮಾರ್ಚಿನಲ್ಲಿ ಬಂದದ್ದು ಗಂಡ ಹೋಗುತ್ತಿದ್ದಾನೆಂದು ಹೇಳಲು. ಸುಬ್ಬಯ್ಯನವರು ಏಪ್ರಿಲಿನಲ್ಲೇ ತೀರಿಕೊಂಡಿದ್ದಾರೆ. ನಾನು ಅದನ್ನು ಡಿಸೆಂಬರಿನಲ್ಲಿ ಓದಿದೆ. ಇನ್ನು ಬರುವುದಿಲ್ಲ, ಕಾರಣ ಕೇಳಬೇಡಿ ಎಂದೂ ಬರೆದಿದ್ದಳು. ಹೇಗೆ ಕೇಳದಿರಲಿ? ಮರುವಾರ ಸಾಸವಡದ ಬಸ್ಸು ಹತ್ತಿದೆ.

ಊರಾಚೆ ಸಣ್ಣ ಮನೆ, ಮುಂದೆ ಅಬ್ಬಲಿಗೆ ಗಿಡ. ಅವಳು ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ನೋಡಿ ನಿಂತಳು.

"ಬಸ್ ಸಿಕ್ತಾ ಗೌರಕ್ಕ?"

"ಸಿಕ್ತವಾ. ನಿಂತ್ಕೊಂಡ ಬಂದೆ."

"ಪಾಲಖಿ ಯಾತ್ರೆ ಟೈಮಲ್ಲಿ ಬಂದಿದ್ರೆ ಬಸ್ಸಿಲ್ದೆ ಘಾಟ್ ಹತ್ತಿ ನಡ್ಕೊಂಡೇ ಬರ್ಬೇಕಿತ್ತು. ನಿಮ್ಮ ಹಟಕ್ಕೆ ಅದೇ ಸರಿ."

ಅದನ್ನು ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ, ಒಳಗೆ ಹೋದ ಮೇಲೂ ಗೋಡೆಯ ಮೇಲೆ ಮಾಲೆ ಹಾಕಿದ ಸುಬ್ಬಯ್ಯನವರ ಫೋಟೋ ತಕ್ಷಣಕ್ಕೆ ಕಣ್ಣಿಗೇ ಬೀಳಲಿಲ್ಲ. ಕಣ್ಣಿಗೆ ಬಿದ್ದ ಮೇಲೆ ಕುರ್ಚಿಯಲ್ಲಿ ಕೂತೆ.

"ನನಗ ಯಾರೂ ಹೇಳ್ಲಿಲ್ಲ ಪ್ರೇಮಾ."

"ಗೊತ್ತುಂಟು. ಕಾಫಿಗೆ ಸಕ್ಕರೆ ಹಾಕ್ಬಹುದಾ, ಇಲ್ಲ ಡಾಕ್ಟರು ಬೇಡ ಅಂದಿದ್ದಾರಾ?"

"ಹಾಕು."

ಕಾಫಿ ಕುಡಿದೆವು. ಅವಳು ಸೊಪ್ಪು ಬಿಡಿಸಲು ಕೂತಳು, ನಾನೂ ಒಂದು ಕಟ್ಟು ತೆಗೆದುಕೊಂಡೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮತ್ತೆ ನಾನೇ ಶುರು ಮಾಡಿದೆ. ನೀನು ಕಲಿಸಿದ್ದನ್ನೆಲ್ಲ ಅವಳಿಗೆ ಹೇಳಿದೆ: ಗೊಂಬೆಗೆ ಕಾಲೆತ್ತಲು ಬಾರದ್ದು, ಒಡೆಯರು ನೇರ ಒಳಗೇ ಇಳಿಯುವುದು, ಕಟ್ಟೆಯವರೆಗೆ ಹಬ್ಬಿದ ಮೌನ. ಯಾರದೂ ತಪ್ಪಲ್ಲ, ಹೇಳಿಕೊಡುವವರು ಇರಲಿಲ್ಲ, ಈಗ ಎಲ್ಲ ಸರಿಯಾಗಿದೆ ಎಂದೆ.

ಅವಳು ಕೊನೆಯವರೆಗೂ ಕೇಳಿದಳು.

"ಕಿಟಕಿ ಹತ್ರ ಅವರದ್ದೊಂದು ಕುರ್ಚಿ ಇತ್ತಲ್ಲ ಗೌರಕ್ಕ, ಬೆತ್ತದ್ದು. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಬಂದು, ಪೇಪರ್ ಹಿಡ್ಕೊಂಡು ಹಾಗೇ ನಿದ್ದೆ ಹೋಗ್ತಿದ್ರು. ನೀವು ಸ್ಕೇಲಲ್ಲಿ ಮೇಜು ಕುಟ್ಟಿ ಎಬ್ಬಿಸ್ತಿದ್ರಿ."

"ಗೊರಕಿ ಹೊಡೀತಿದ್ರು."

"ಹೌದು." ಅವಳು ನಕ್ಕಳು. ಸೊಪ್ಪಿನ ದಂಟು ಮುರಿಯುತ್ತಾ ಹೇಳಿದಳು, "ಅಲ್ಲಿ ಎಲ್ಲ ಉಂಟು. ಕಾರ್ಡಿನ ಕಪಾಟು ಉಂಟು, ಮೂಲೆಯ ಮಡಕೆ ಉಂಟು, ಗೋಡೆಯ ಸೀಳು ಕೂಡ ಬಿಟ್ಟಿಲ್ಲ ನೀವು. ಅದೊಂದಿಲ್ಲ. ಹೊರಗಿಂದ ಕಿಟಕಿಯಲ್ಲಿ ಎಲ್ಲ ಕಾಣ್ತಿತ್ತು."

ಮರೆತು ಬಿಟ್ಟದ್ದಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

"ಮೊದಲೆರಡು ಸಲ ಒಳಗೆ ಬರ್ಲಿಕ್ಕೆ ನೋಡಿದೆ, ಆಗ್ಲಿಲ್ಲ" ಎಂದಳು. "ಮೂರನೇ ಸಲ ಬರ್ಲಿಕ್ಕೆ ನೋಡ್ಲೇ ಇಲ್ಲ."

ಮಧ್ಯಾಹ್ನ ಊಟ ಹಾಕಿದಳು. ಬಸ್ ಸ್ಟ್ಯಾಂಡಿನವರೆಗೂ ಬಂದಳು. ಮುಂದಿನ ವಾರ ಬರಲೇ ಎಂದು ಕೇಳಿದ್ದಕ್ಕೆ, "ಮನೆ ಇದ್ದಲ್ಲೇ ಇರ್ತದೆ" ಎಂದು ಬೇರೆ ಕಡೆ ನೋಡಿದಳು. ಅದಕ್ಕೆ ಏನು ಅರ್ಥ ಹಚ್ಚಬೇಕೋ ನನಗೆ ಇನ್ನೂ ತಿಳಿದಿಲ್ಲ. ಮತ್ತೆ ಹೋಗಿಲ್ಲ.

ಈಗ ಆ ಕುರ್ಚಿಯನ್ನು ಮಾಡಲು ಕೂತಿದ್ದೇನೆ. ಅವಳು ಬಂದು ನೋಡುತ್ತಾಳೆಂದು ಅಲ್ಲ, ಬರುವುದಿಲ್ಲ ಎಂದು ಹೇಳಿದ್ದಾಳೆ. ಚೌಕಟ್ಟು ನಿಂತಿದೆ, ಕಾಲುಗಳು ಸರಿಯಾಗಿವೆ. ಬೆತ್ತದ ಹೆಣಿಗೆ ಮಾತ್ರ ಬರುತ್ತಿಲ್ಲ, ಗೋಡೆಗೆ ಹಚ್ಚಿದ ಕಾಗದದ ಹಾಗೆ ಕಾಣುತ್ತದೆ. ವಿಶ್ವಾಂಗಣದ ಅಂಗಡಿಯಲ್ಲಿ ಸಿದ್ಧ ಕುರ್ಚಿಗಳು ಬೇಕಾದಷ್ಟಿವೆ, ಎಲ್ಲವೂ ನಿನ್ನೆ ಕೊಂಡಂತೆ ಬಿಗಿಯಾಗಿವೆ. ಸುಬ್ಬಯ್ಯನವರು ಭಾರದ ಮನುಷ್ಯ, ಎಡಕ್ಕೆ ವಾಲಿ ಕೂರುತ್ತಿದ್ದರು. ಬೆತ್ತ ಆ ಕಡೆ ಜಗ್ಗಿತ್ತು. ಆ ಜಗ್ಗನ್ನು ತರುವುದು ಹೇಗೆ ಎಂದು ಎಲ್ಲ ಪುಟಗಳಲ್ಲೂ ಹುಡುಕಿದೆ. ಇಲ್ಲ. ನಿನಗೆ ಗೊತ್ತಿದ್ದರೆ ಬರೆದು ಕಳಿಸು.

ಗೌರಾ ಮಾವಶಿ